ಹೊಗೆಯನ್ನು ಹಾಡಿ ಹೊಗಳಿದ ಊರು

ಬೆಳಿಗ್ಗೆ ಒಗೆದು ಹಗ್ಗಕ್ಕೆ ಹಾಕಿದ ಬಿಳಿ ಅಂಗಿ ಸಂಜೆ ತೆಗೆಯುವಾಗ ಬೂದಿಬಣ್ಣಕ್ಕೆ ತಿರುಗಿರುತ್ತಿತ್ತು. 1950ರ ಸುಮಾರಿಗೆ ಜಪಾನಿನ ತೊಬಾತಾ ಊರಿನ ನಾಕಾಬಾರು ಬಡಾವಣೆಯಲ್ಲಿ ಇದು ದಿನನಿತ್ಯದ ಪಾಡು. ಹತ್ತಿರದಲ್ಲೇ ಕಲ್ಲಿದ್ದಲು ಉರಿಸುವ ವಿದ್ಯುತ್ ಸ್ಥಾವರವಿತ್ತು. ಅದರ ಚಿಮಣಿಯಿಂದ ಹಾರಿದ ಮಸಿ ಹಂಚಿನ ಸಂದಿಗಳಲ್ಲಿ, ಕಿಟಕಿಯ ಚೌಕಟ್ಟಿನಲ್ಲಿ, ಒಳಗಿನ ಚಾಪೆಗಳ ಮೇಲೆ ಬಂದು ಕೂರುತ್ತಿತ್ತು. ಬಡಾವಣೆಯ ಮಹಿಳಾ ಸಂಘದವರು ಗೊಣಗಿ ಸುಮ್ಮನಾಗಲಿಲ್ಲ. ಬಟ್ಟೆಗಳನ್ನು ಬೇರೆ ಬೇರೆ ಕಡೆ ನೇತುಹಾಕಿ, ಎಲ್ಲಿ ಎಷ್ಟು ಕಪ್ಪಾಗುತ್ತದೆ ಎಂದು ಹೋಲಿಸಿ ನೋಡಿದರು. ಆ ಬಟ್ಟೆಗಳನ್ನೇ ಸಾಕ್ಷಿಯಾಗಿಟ್ಟುಕೊಂಡು ಸ್ಥಾವರದವರನ್ನೂ ನಗರಸಭೆಯವರನ್ನೂ ಕಂಡರು. ಕೊನೆಗೆ ಸ್ಥಾವರ ಧೂಳು ಹಿಡಿಯುವ ಯಂತ್ರ ಕೂರಿಸಿತು.

ಚಿಕ್ಕ ಗೆಲುವು. ಆದರೆ ಮುಂದಿನ ಮೂವತ್ತು ವರ್ಷಗಳಲ್ಲಿ ಈ ಭಾಗದಲ್ಲಿ ನಡೆದ ದೊಡ್ಡ ಬದಲಾವಣೆಯ ಬೀಜ ಅಲ್ಲಿತ್ತು. ತೊಬಾತಾ ಇಂದು ಕಿತಾಕ್ಯೂಶು ಎಂಬ ಮಹಾನಗರದ ಒಂದು ವಾರ್ಡು. ಒಂದು ಕಾಲಕ್ಕೆ ಜಪಾನಿನ ಅತಿ ಕೊಳಕು ಗಾಳಿಗೆ ಹೆಸರಾಗಿದ್ದ ಈ ನಗರ, ಉಕ್ಕಿನ ಕಾರ್ಖಾನೆಯನ್ನು ಓಡಿಸದೆ ತನ್ನ ಆಕಾಶವನ್ನು ತೊಳೆದುಕೊಂಡಿತು. ಕೈಗಾರಿಕೆಯೂ ಬೇಕು, ಗಾಳಿಯೂ ಬೇಕು ಎನ್ನುವ ವಾದ ಇಂದು ನಮ್ಮ ಊರುಗಳಲ್ಲೂ ಬಿಸಿಯಾಗಿರುವಾಗ, ಅಲ್ಲಿ ಯಾವುದು ಯಾವುದರ ನಂತರ ನಡೆಯಿತು ಎಂಬುದನ್ನು ಗಮನವಿಟ್ಟು ನೋಡಬೇಕು. ಎರಡೂ ಪಕ್ಷದವರು ತುಸು ತುಸು ಬಿಟ್ಟುಕೊಟ್ಟು ರಾಜಿಯಾದದ್ದರಿಂದ ಅಲ್ಲಿನ ಗಾಳಿ ಶುದ್ಧವಾಗಲಿಲ್ಲ. ಉಸಿರಾಡುವವರ ಆರೋಗ್ಯಕ್ಕೆ ಮೊದಲು ಒಂದು ಗಡಿ ಬಿತ್ತು. ಆ ಗಡಿಯೊಳಗೆ ಬದುಕಲು ಕುಲುಮೆ ಕಲಿಯಿತು.

ಉಕ್ಕಿನ ಊರು ಹುಟ್ಟಿದ ಬಗೆ

ಕ್ಯೂಶು ದ್ವೀಪದ ಉತ್ತರ ತುದಿಯಲ್ಲಿ ದೊಕಾಯ್ ಎಂಬ ಕಿರಿದಾದ, ಉದ್ದನೆಯ ಕೊಲ್ಲಿಯಿದೆ. ಅದರ ದಡದ ಯವಾತಾ ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಸಣ್ಣ ಹಳ್ಳಿ. ಕೊಲ್ಲಿ ಸಿಗಡಿಗೆ ಹೆಸರುವಾಸಿ. 1895ರಲ್ಲಿ ಚೀನಾದ ಮೇಲೆ ಯುದ್ಧ ಗೆದ್ದ ಜಪಾನಿಗೆ ದೊಡ್ಡ ಮೊತ್ತದ ಪರಿಹಾರ ಬಂತು. ರೈಲು ಹಳಿ, ಹಡಗು, ಫಿರಂಗಿಗಳಿಗೆ ಬೇಕಾದ ಉಕ್ಕನ್ನು ಹೊರದೇಶದಿಂದ ಕೊಳ್ಳುತ್ತಿದ್ದ ಸರ್ಕಾರ ಸ್ವಂತ ಕಾರ್ಖಾನೆ ಕಟ್ಟಲು ಹೊರಟಾಗ ಆ ಹಣದ ಒಂದು ಪಾಲು ನೆರವಾಯಿತು. ಹಿಂದೆಯೇ ಚಿಕುಹೊ ಕಲ್ಲಿದ್ದಲ ಗಣಿಗಳು, ಎದುರಿಗೆ ಸಮುದ್ರ, ಸಮುದ್ರದಾಚೆ ಚೀನಾದ ದಾಯೆ ಗಣಿಯ ಅದಿರು. ಯವಾತಾ ಆಯ್ಕೆಯಾದದ್ದು ಈ ಅನುಕೂಲಕ್ಕೆ.

ಜರ್ಮನಿಯ ಎಂಜಿನಿಯರುಗಳ ವಿನ್ಯಾಸದಲ್ಲಿ ಕಟ್ಟಿದ ಹಿಗಾಶಿದಾದ ಮೊದಲನೆಯ ಊದುಕುಲುಮೆಗೆ 1901ರ ಫೆಬ್ರುವರಿ 5ರಂದು ಬೆಂಕಿ ಹಾಕಲಾಯಿತು. ಅಂದುಕೊಂಡಷ್ಟು ಕಬ್ಬಿಣ ಇಳಿಯಲಿಲ್ಲ. ಮರುವರ್ಷವೇ ಕುಲುಮೆ ತಣ್ಣಗಾಯಿತು. ನೊರೊ ಕಗೆಯೋಶಿ ಎಂಬ ಲೋಹತಜ್ಞ ಕುಲುಮೆಯ ಆಕಾರವನ್ನೂ ಅದಕ್ಕೆ ಹಾಕುವ ಕೋಕನ್ನೂ (ಕಾಯಿಸಿ ಗಟ್ಟಿ ಮಾಡಿದ ಕಲ್ಲಿದ್ದಲು) ತಿದ್ದಿದ ಮೇಲೆ, 1904ರಲ್ಲಿ ಅದು ಮತ್ತೆ ಹೊತ್ತಿಕೊಂಡಿತು. ಅಲ್ಲಿಂದ ಯವಾತಾ ಹಿಂದಿರುಗಿ ನೋಡಲಿಲ್ಲ. ಎರಡನೆಯ ಮಹಾಯುದ್ಧದವರೆಗೂ ದೇಶದ ಉಕ್ಕಿನ ದೊಡ್ಡ ಪಾಲು ಇಲ್ಲಿಂದಲೇ ಬಂತು.

ಮೈಸೂರಿನ ಕಥೆಗೂ ಈ ಕಾಲಕ್ಕೂ ಒಂದು ನಂಟಿದೆ. ಮುಂಬಯಿ ಪ್ರಾಂತ್ಯದಲ್ಲಿ ಎಂಜಿನಿಯರ್ ಆಗಿದ್ದ ಎಂ. ವಿಶ್ವೇಶ್ವರಯ್ಯನವರು ಜಪಾನನ್ನು ಮೊದಲ ಸಲ ನೋಡಿದ್ದು 1898ರಲ್ಲಿ. ಏಷ್ಯಾದ ದೇಶವೊಂದು ಶಾಲೆ ಮತ್ತು ಕಾರ್ಖಾನೆಗಳ ಬಲದಿಂದ ಮೇಲೇಳುತ್ತಿದ್ದುದು ಅವರ ಮನಸ್ಸನ್ನು ಹಿಡಿಯಿತು. ಕಾಲು ಶತಮಾನದ ನಂತರ, 1923ರಲ್ಲಿ ಭದ್ರಾವತಿಯಲ್ಲಿ ಮಲೆನಾಡಿನ ಕಾಡಿನ ಇದ್ದಿಲು ಉರಿಸಿ ಕಬ್ಬಿಣ ಕರಗಿಸತೊಡಗಿದ ಮೈಸೂರು ಸಂಸ್ಥಾನದ ಹಿಂದೆ ಅದೇ ಹಂಬಲವಿತ್ತು. ಚಿಮಣಿಯ ಹೊಗೆ ಎಂದರೆ ಅಂದು ಬಡತನ ಹರಿಯುವ ಗುರುತು.

ಯವಾತಾದಲ್ಲಂತೂ ಹೊಗೆ ಊರಿನ ಹೆಮ್ಮೆಯೇ ಆಗಿತ್ತು. ಬಾನಿಗೇರುವ ದಟ್ಟ ಹೊಗೆಯನ್ನು ಊರಿನ ಅಧಿಕೃತ ಗೀತೆ ಕೊಂಡಾಡುತ್ತಿತ್ತು. ಕಬ್ಬಿಣದ ಕೆಂಪು, ಮಸಿಯ ಕಪ್ಪು, ಗಂಧಕದ ಹಳದಿ, ಹಬೆಯ ಬಿಳುಪು ಎಲ್ಲ ಕೂಡಿದ ಆ ಹೊಗೆಗೆ ಜನ ‘ಏಳು ಬಣ್ಣದ ಹೊಗೆ’ ಎನ್ನುತ್ತಿದ್ದರು. ಹೊಗೆ ದಟ್ಟವಾಗಿದ್ದರೆ ಪಾಳಿಗಳು ನಡೆಯುತ್ತಿವೆ, ಸಂಬಳ ಬರುತ್ತದೆ, ಅಂಗಡಿ ಬೀದಿಯಲ್ಲಿ ವ್ಯಾಪಾರವಿದೆ ಎಂದರ್ಥ. ಆ ಹೆಮ್ಮೆಯನ್ನು ಈಗ ದೂರದಿಂದ ಹೀಗಳೆಯುವುದು ಸಲ್ಲ. ಹಸಿವನ್ನು ಕಂಡ ಜನಕ್ಕೆ ಅನ್ನ ಕೊಟ್ಟದ್ದು ಆ ಕುಲುಮೆಗಳೇ.

ಯುದ್ಧವೂ ಆ ಕುಲುಮೆಗಳನ್ನು ಹುಡುಕಿಕೊಂಡು ಬಂತು. 1944ರ ಜೂನ್ ತಿಂಗಳಲ್ಲಿ ಅಮೆರಿಕದ ಬಿ-29 ವಿಮಾನಗಳು ಜಪಾನಿನ ಮುಖ್ಯ ದ್ವೀಪಗಳ ಮೇಲೆ ನಡೆಸಿದ ಮೊದಲ ದಾಳಿಯ ಗುರಿ ಯವಾತಾ ಕಾರ್ಖಾನೆ. 1945ರ ಆಗಸ್ಟ್ 8ರಂದು ಬಿದ್ದ ಬೆಂಕಿಬಾಂಬುಗಳಿಗೆ ಊರಿನ ಬಹುಭಾಗ ಸುಟ್ಟಿತು. ಮರುದಿನ ಎರಡನೆಯ ಅಣುಬಾಂಬನ್ನು ಹೊತ್ತ ವಿಮಾನ ಪಕ್ಕದ ಕೊಕುರಾದ ಮೇಲೆ ಸುತ್ತು ಹಾಕಿತು. ಮಬ್ಬೂ ಹೊಗೆಯೂ ಕವಿದು ಗುರಿ ಕಾಣಿಸಲಿಲ್ಲ. ಮೂರು ಸಲ ಪ್ರಯತ್ನಿಸಿದ ವಿಮಾನ ನಾಗಸಾಕಿಯತ್ತ ತಿರುಗಿತು. ಕೊಕುರಾ ಉಳಿಯಿತು, ನಾಗಸಾಕಿಯಲ್ಲಿ ಹತ್ತಾರು ಸಾವಿರ ಜನ ಸತ್ತರು.

ಒಗೆದ ಬಟ್ಟೆಯಿಂದ ಅಂಕಿಅಂಶಕ್ಕೆ

ಯುದ್ಧದ ನಂತರ ದೇಶ ಮತ್ತೆ ಕಟ್ಟಿಕೊಳ್ಳಬೇಕಿತ್ತು. ಅದಕ್ಕೆ ಉಕ್ಕು, ಸಿಮೆಂಟು, ರಸಗೊಬ್ಬರ, ಗಾಜು, ವಿದ್ಯುತ್ತು ಬೇಕು. ದೊಕಾಯ್ ಕೊಲ್ಲಿಯ ಎರಡೂ ದಡಗಳಲ್ಲಿ ಕಾರ್ಖಾನೆಗಳು ಒತ್ತಿಕೊಂಡು ನಿಂತವು. 1963ರ ಫೆಬ್ರುವರಿಯಲ್ಲಿ ಮೊಜಿ, ಕೊಕುರಾ, ವಾಕಾಮತ್ಸು, ಯವಾತಾ, ತೊಬಾತಾ ಎಂಬ ಐದು ಊರುಗಳು ಸೇರಿ ಕಿತಾಕ್ಯೂಶು ನಗರವಾಯಿತು. ಹತ್ತು ಲಕ್ಷ ಜನರ ಈ ಹೊಸ ನಗರದ ನೆತ್ತಿಯ ಮೇಲೆ ಬೂದಿಬಣ್ಣದ ಆಕಾಶ.

ಆಕಾಶದಿಂದ ಬೀಳುತ್ತಿದ್ದ ಧೂಳನ್ನು ಆಗ ಚದರ ಕಿಲೋಮೀಟರಿಗೆ ತಿಂಗಳಿಗೆ ಇಂತಿಷ್ಟು ಟನ್ ಎಂದು ಅಳೆಯುತ್ತಿದ್ದರು. ಯವಾತಾದ ಶಿರೋಯಾಮಾ ಭಾಗದಲ್ಲಿ 1965ರ ಸರಾಸರಿ 80 ಟನ್. ಕೆಟ್ಟ ತಿಂಗಳಲ್ಲಿ 108 ಟನ್ ಮುಟ್ಟಿತ್ತು. ಜಪಾನಿನಲ್ಲೇ ಅದು ಅತಿ ಹೆಚ್ಚು. ನಮ್ಮ ಲೆಕ್ಕಕ್ಕೆ ತಂದರೆ, 30×40 ಅಡಿಯ ಒಂದು ಸೈಟಿನ ಮೇಲೆ ಪ್ರತಿ ತಿಂಗಳೂ ಸುಮಾರು 9 ಕಿಲೋ ಧೂಳು. ಕಣ್ಣಿಗೆ ಕಾಣದ ಗಂಧಕದ ಅನಿಲ ಇದರಲ್ಲಿ ಸೇರಿಲ್ಲ. ಗಂಧಕವಿರುವ ಕಲ್ಲಿದ್ದಲನ್ನೂ ಕಚ್ಚಾ ಎಣ್ಣೆಯ ಮಡ್ಡಿಯನ್ನೂ ಉರಿಸಿದಾಗ ಹೊಮ್ಮುವ ಈ ಅನಿಲ ಗಂಟಲು ಕೆರೆದು, ಶ್ವಾಸನಾಳವನ್ನು ಬಿಗಿದು, ಮಕ್ಕಳಲ್ಲೂ ಮುದುಕರಲ್ಲೂ ಉಬ್ಬಸ ಎಬ್ಬಿಸುತ್ತದೆ. ಬೆಟ್ಟ ಮತ್ತು ಕಡಲಿನ ನಡುವಿನ ಕಿರಿದಾದ ಬಯಲಿನಲ್ಲಿ ಗಾಳಿ ನಿಂತ ದಿನ ಅದು ಮನೆಗಳ ಮೇಲೆಯೇ ಕವಿದು ಕೂರುತ್ತಿತ್ತು.

ನಾಕಾಬಾರುವಿನ ಹೆಂಗಸರ ಹಾದಿಯನ್ನು ಈಗ ತೊಬಾತಾದ ಬೇರೆ ಬಡಾವಣೆಗಳೂ ಹಿಡಿದವು. ಸಾನ್ರೊಕು ಎಂಬಲ್ಲಿ ಹತ್ತಿರದ ಕಾರ್ಖಾನೆಯ ಮಸಿಪುಡಿಯ ವಿರುದ್ಧ ಮಹಿಳಾ ಸಂಘ ಎದ್ದಿತು. ಹೋರಾಟ ಅಲ್ಲಿ ಸುಲಭವಾಗಿರಲಿಲ್ಲ, ಏಕೆಂದರೆ ಈ ಹೆಂಗಸರಲ್ಲಿ ಅನೇಕರ ಗಂಡಂದಿರು ಅದೇ ಕಾರ್ಖಾನೆಗಳ ನೌಕರರು. ಮನೆಯ ಒಲೆ ಉರಿಯುವುದು ಯಾವ ಸಂಬಳದಿಂದಲೋ ಆ ಸಂಬಳ ಕೊಡುವವರ ಎದುರೇ ದೂರು ಕೊಡಬೇಕು. ಗಂಡಸರು ಬಾಯಿ ಬಿಡಲಾರದ ಆ ಜಾಗದಲ್ಲಿ ಹೆಂಗಸರು ತಾಯಂದಿರಾಗಿ ಮಾತನಾಡಿದರು. ಕಾರ್ಖಾನೆ ಮುಚ್ಚಿ ಎಂದು ಅವರು ಕೇಳಲಿಲ್ಲ, ಮಕ್ಕಳು ಕೆಮ್ಮದೆ ಮಲಗುವಂತಾಗಲಿ ಎಂದರು.

ಬರಿಯ ಸಂಕಟ ಹೇಳಿಕೊಂಡರೆ ಯಾರೂ ಕೇಳುವುದಿಲ್ಲ ಎಂಬುದು ಅವರಿಗೆ ಬೇಗ ತಿಳಿಯಿತು. ಆಗ ಅವರು ಓದಲು ಕುಳಿತರು. ಯಾಮಾಗುಚಿ ವಿಶ್ವವಿದ್ಯಾಲಯದ ಸಾರ್ವಜನಿಕ ಆರೋಗ್ಯದ ಪ್ರಾಧ್ಯಾಪಕ ನೊಸೆ ಯೊಶಿಕಾತ್ಸು ಮಾರ್ಗದರ್ಶನ ಮಾಡಿದರು. ತೊಬಾತಾದಲ್ಲಿ ವಯಸ್ಕರ ಶಿಕ್ಷಣದ ಹೊಣೆ ಹೊತ್ತಿದ್ದ, ಮುಂದೆ ಲೇಖಕರಾಗಿ ಹೆಸರಾದ ಹಯಾಶಿ ಏದಾಯ್ ಬೆನ್ನಿಗೆ ನಿಂತರು. ಬಡಾವಣೆಗಳಲ್ಲಿ ಡಬ್ಬಿಗಳನ್ನಿಟ್ಟು ಬಿದ್ದ ಧೂಳನ್ನು ಅಳೆದರು. ಒಣಹಾಕಿದ ಬಟ್ಟೆಯ ಕೊಳೆಯನ್ನು ದಾಖಲಿಸಿದರು. ಪ್ರಾಥಮಿಕ ಶಾಲೆಗಳ ಹಾಜರಿ ಪುಸ್ತಕ ತರಿಸಿ, ಕಾಯಿಲೆಯಿಂದ ಗೈರಾದ ಮಕ್ಕಳ ಲೆಕ್ಕವನ್ನು ಗಾಳಿಯ ಅಳತೆಗಳ ಜೊತೆಗಿಟ್ಟು ನೋಡಿದರು. ಎಲ್ಲಿ ಗಾಳಿ ಕೆಟ್ಟಿತ್ತೋ ಅಲ್ಲಿ ಬೆಂಚುಗಳು ಖಾಲಿಯಿದ್ದವು.

1965ರಲ್ಲಿ ತೊಬಾತಾದ ಮಹಿಳಾ ಸಂಘಗಳ ಒಕ್ಕೂಟ ಇದನ್ನೆಲ್ಲ ಸೇರಿಸಿ 8 ಎಂ.ಎಂ. ಕ್ಯಾಮೆರಾದಲ್ಲಿ ಒಂದು ಸಾಕ್ಷ್ಯಚಿತ್ರ ತೆಗೆಯಿತು. ಅದರ ಹೆಸರು ‘ನೀಲಿ ಆಕಾಶ ಬೇಕು’. ಚಿತ್ರವನ್ನು ಊರೂರಿನ ಸಭೆಗಳಲ್ಲಿ ತೋರಿಸಿದರು. ವರದಿಯನ್ನು ಹಿಡಿದು ಕಂಪನಿಗಳ ಮತ್ತು ನಗರಾಡಳಿತದ ಮುಂದೆ ಕುಳಿತರು. ಅಳೆದು ತಂದ ಅಂಕಿಯ ಎದುರು ಹೊಗೆಯನ್ನು ಹೊಗಳಿ ಉತ್ತರಿಸುವುದು ಇನ್ನು ಸಾಧ್ಯವಿರಲಿಲ್ಲ.

ಕಾನೂನು ಕೈಬಿಟ್ಟ ಷರತ್ತು

ಅದೇ ವರ್ಷಗಳಲ್ಲಿ ಜಪಾನಿನ ಬೇರೆಡೆಗಳಿಂದ ಇನ್ನೂ ಭೀಕರ ಸುದ್ದಿಗಳು ಬರುತ್ತಿದ್ದವು. ಮಿನಾಮಾತಾ ಮತ್ತು ನೀಗಾತಾದಲ್ಲಿ ಪಾದರಸ ತಿಂದ ಮೀನು ಜನರ ನರಮಂಡಲ ಸುಟ್ಟಿತ್ತು. ತೊಯಾಮಾದಲ್ಲಿ ಕ್ಯಾಡ್ಮಿಯಂ ಮೂಳೆಗಳನ್ನು ಮುರಿದಿತ್ತು. ಯೊಕ್ಕಾಯಿಚಿಯಲ್ಲಿ ಪೆಟ್ರೋರಾಸಾಯನಿಕ ಸ್ಥಾವರಗಳ ಗಂಧಕದ ಹೊಗೆ ಉಬ್ಬಸಕ್ಕೆ ಊರಿನ ಹೆಸರನ್ನೇ ಅಂಟಿಸಿತ್ತು.

1967ರಲ್ಲಿ ಸಂಸತ್ತು ಮಾಲಿನ್ಯ ನಿಯಂತ್ರಣದ ಮೂಲ ಕಾನೂನು ತಂದಿತು. ಆದರೆ ಅದರ ಮೊದಲ ಕಲಮಿನಲ್ಲೇ ಒಂದು ಷರತ್ತಿತ್ತು: ಜನರ ಬದುಕಿನ ಪರಿಸರವನ್ನು ಕಾಯುವಾಗ ಆರ್ಥಿಕ ಬೆಳವಣಿಗೆಯೊಂದಿಗೆ ಹೊಂದಾಣಿಕೆ ಇರಬೇಕು. ಕೇಳಲು ನ್ಯಾಯವಾಗಿದೆ. ಆಚರಣೆಯಲ್ಲಿ ಅದು ಪ್ರತಿ ಚಿಮಣಿಗೂ ಒಂದೊಂದು ವಿನಾಯಿತಿಯ ಬಾಗಿಲು. ಕಾರ್ಖಾನೆಗೆ ಕಷ್ಟವಾಗುತ್ತದೆ ಎಂದರೆ ಗಾಳಿ ಕಾಯಬೇಕು, ಗಾಳಿ ಕೆಟ್ಟಿದೆ ಎಂದು ಕಾರ್ಖಾನೆ ಕಾಯಬೇಕಿಲ್ಲ. ಜನರ ಸಿಟ್ಟು ಏರಿತು. 1970ರ ಕೊನೆಯಲ್ಲಿ ಮಾಲಿನ್ಯದ ವಿಷಯಕ್ಕೆಂದೇ ಕೂತ ಸಂಸತ್ತು ಒಟ್ಟು 14 ಮಸೂದೆಗಳನ್ನು ಒಪ್ಪಿತು. ಆ ಹೊಂದಾಣಿಕೆಯ ಷರತ್ತನ್ನು ಕಾನೂನಿನಿಂದ ತೆಗೆದುಹಾಕಿತು. 1971ರಲ್ಲಿ ಪರಿಸರ ಇಲಾಖೆ ಹುಟ್ಟಿತು. ಮರುವರ್ಷ ಯೊಕ್ಕಾಯಿಚಿಯ ಉಬ್ಬಸ ರೋಗಿಗಳು ಕಂಪನಿಗಳ ವಿರುದ್ಧ ನ್ಯಾಯಾಲಯದಲ್ಲಿ ಗೆದ್ದರು. ಆರೋಗ್ಯದ ಜೊತೆ ಚೌಕಾಸಿ ಇಲ್ಲ ಎಂದು ದೇಶ ತೀರ್ಮಾನಿಸಿದ್ದು ಆ ಎರಡು ವರ್ಷಗಳಲ್ಲಿ.

ಕಿತಾಕ್ಯೂಶು ಹಿಡಿದ ದಾರಿ ಮಾತುಕತೆಯದು. 1967ರಲ್ಲಿ ಮೇಯರ್ ಆದ ತಾನಿ ಗೊಹೆಯ್ 20 ವರ್ಷ ಆ ಹುದ್ದೆಯಲ್ಲಿದ್ದರು. 1969ರಲ್ಲಿ ನಗರಕ್ಕೆ ಮೊದಲ ಹೊಗೆಮಂಜಿನ ಎಚ್ಚರಿಕೆ ಘೋಷಣೆಯಾಯಿತು. ಗಾಳಿಯ ಅಳತೆಗಳನ್ನು ತಂತಿಯ ಮೂಲಕ ಒಂದೇ ಕಡೆಗೆ ತರಿಸಿಕೊಳ್ಳುವ ನಿಗಾ ಕೇಂದ್ರವನ್ನು ನಗರ ಕಟ್ಟಿತು. ಗಾಳಿ ನಿಂತು ಗಂಧಕದ ಪ್ರಮಾಣ ಏರತೊಡಗಿದರೆ ದೊಡ್ಡ ಕಾರ್ಖಾನೆಗಳಿಗೆ ಇಂಧನ ಉರಿಸುವುದನ್ನು ಕಡಿಮೆ ಮಾಡುವಂತೆ ಸೂಚನೆ ಹೋಗುತ್ತಿತ್ತು. ಎಪ್ಪತ್ತರ ದಶಕದಲ್ಲಿ ಐವತ್ತಕ್ಕೂ ಹೆಚ್ಚು ಕಾರ್ಖಾನೆಗಳು ನಗರದೊಂದಿಗೆ ಮಾಲಿನ್ಯ ನಿಯಂತ್ರಣದ ಲಿಖಿತ ಒಪ್ಪಂದಕ್ಕೆ ಸಹಿ ಹಾಕಿದವು. ರಾಷ್ಟ್ರೀಯ ಕಾನೂನು ಕೇಳುವುದಕ್ಕಿಂತ ಬಿಗಿಯಾದ ಮಿತಿಗಳು ಅವುಗಳಲ್ಲಿದ್ದವು.

ಈ ಮಾತುಕತೆಗೆ ಹಲ್ಲು ಬಂದದ್ದು ಹೇಗೆಂದು ಮರೆಯಬಾರದು. ಮೇಜಿನ ಒಂದು ಬದಿಗೆ ನಗರವಿತ್ತು. ಅದರ ಬೆನ್ನಿಗೆ ಹೊಸ ಕಾನೂನು, ಗಂಟೆಗಂಟೆಯ ಅಳತೆ, ಬೀದಿಯಲ್ಲಿ ಎಚ್ಚರವಾಗಿದ್ದ ಮಹಿಳಾ ಸಂಘಗಳು. ಇವುಗಳಲ್ಲಿ ಒಂದು ಇಲ್ಲದಿದ್ದರೂ ಒಪ್ಪಂದ ಕಪಾಟಿನ ಕಾಗದವಾಗುತ್ತಿತ್ತು.

ಕೊಲ್ಲಿಯ ನೀರಿಗೂ ಅದೇ ಚಿಕಿತ್ಸೆ ಬೇಕಿತ್ತು. ಅರವತ್ತರ ದಶಕದ ದೊಕಾಯ್ ‘ಸತ್ತ ಕಡಲು’. ಆ ದಶಕದ ಅಳತೆಯಲ್ಲಿ ಕೆಲವೆಡೆ ಕರಗಿದ ಆಮ್ಲಜನಕವೇ ಇರಲಿಲ್ಲ. ಹಡಗಿನ ಪ್ರೊಪೆಲ್ಲರುಗಳು ಆ ನೀರಿನಲ್ಲಿ ಸವೆಯುತ್ತಿದ್ದವು. ಎಪ್ಪತ್ತರ ದಶಕದಲ್ಲಿ ತಳದಿಂದ ಪಾದರಸ ಬೆರೆತ ಸುಮಾರು 3.5 ಲಕ್ಷ ಘನ ಮೀಟರ್ ಕೆಸರನ್ನು ಬಗೆದು ತೆಗೆದರು. ಅದರ ಖರ್ಚಿನಲ್ಲಿ ದೊಡ್ಡ ಪಾಲನ್ನು ಕಾರ್ಖಾನೆಗಳೇ ಭರಿಸಿದವು. ಕ್ರಮೇಣ ನೂರಕ್ಕೂ ಹೆಚ್ಚು ಬಗೆಯ ಮೀನು, ಸಿಗಡಿಗಳು ಆ ನೀರಿಗೆ ಮರಳಿದವು.

ಕುಲುಮೆಯ ಒಳಗಿನ ಬದಲಾವಣೆ

ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ಭಾಗ ಕಾರ್ಖಾನೆಯ ಒಳಗೆ ನಡೆದದ್ದು. ಚಿಮಣಿಯ ಬಾಯಿಗೆ ಜರಡಿ ಕಟ್ಟುವುದು ಒಂದು ದಾರಿ. ಹೊಗೆಯೇ ಹುಟ್ಟದಂತೆ ಕೆಲಸದ ಕ್ರಮ ಬದಲಿಸುವುದು ಇನ್ನೊಂದು. ಯವಾತಾ ಎರಡನ್ನೂ ಮಾಡಿತು, ಹೆಚ್ಚಿನ ಫಲ ಕೊಟ್ಟದ್ದು ಎರಡನೆಯದು.

ಏಳು ಬಣ್ಣದ ಹೊಗೆಯ ಕೆಂಪನ್ನೇ ನೋಡಿ. 1957ರಲ್ಲಿ ಯವಾತಾ ಜಪಾನಿಗೆ ಹೊಸದಾದ ಆಮ್ಲಜನಕದ ಪರಿವರ್ತಕವನ್ನು ತಂದಿತು. ಕರಗಿದ ಕಬ್ಬಿಣದ ಮೇಲೆ ಶುದ್ಧ ಆಮ್ಲಜನಕವನ್ನು ರಭಸದಿಂದ ಊದಿದರೆ, ಗಂಟೆಗಟ್ಟಲೆ ಹಿಡಿಯುತ್ತಿದ್ದ ಕೆಲಸ ಅರ್ಧ ಗಂಟೆಯೊಳಗೆ ಮುಗಿದು ಉಕ್ಕು ಸಿದ್ಧ. ಜೊತೆಗೆ ಸಣ್ಣ ಸಣ್ಣ ಕಬ್ಬಿಣದ ಕಣಗಳು ಕೆಂಪು ಮೋಡವಾಗಿ ಏಳುತ್ತಿದ್ದವು. ಆ ಮೋಡದಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬಿರುತ್ತದೆ. ಅದು ವಿಷವೂ ಹೌದು, ಒಳ್ಳೆಯ ಇಂಧನವೂ ಹೌದು. ಯವಾತಾದ ಎಂಜಿನಿಯರುಗಳು ಯೊಕೊಯಾಮಾ ಎಂಬ ಸಂಸ್ಥೆಯೊಂದಿಗೆ ಸೇರಿ, ಆ ಅನಿಲ ಗಾಳಿಗೆ ತಾಗಿ ಉರಿಯುವ ಮೊದಲೇ ಮುಚ್ಚಳದಡಿ ಹಿಡಿದು, ತೊಳೆದು, ಕೂಡಿಡುವ ವಿಧಾನ ಕಂಡುಹಿಡಿದರು. 1962ರಲ್ಲಿ ಅದು ತೊಬಾತಾದ ಉಕ್ಕಿನ ಘಟಕದಲ್ಲಿ ಕೆಲಸ ಆರಂಭಿಸಿತು. ಕೆಂಪು ಧೂಳು ನೀರಿನಲ್ಲಿ ಉಳಿದು ಮತ್ತೆ ಕಬ್ಬಿಣದ ಮೂಲವಾಯಿತು, ಅನಿಲ ಕಾರ್ಖಾನೆಯ ಒಲೆಗಳನ್ನು ಉರಿಸಿತು. ಈ ವಿಧಾನ ಆಮೇಲೆ ಜಗತ್ತಿನ ಅನೇಕ ಉಕ್ಕಿನ ಕಾರ್ಖಾನೆಗಳಿಗೆ ಮಾರಾಟವಾಯಿತು.

ಕೋಕ್ ಒಲೆಯದೂ ಇಂಥದೇ ಕಥೆ. ಸಾವಿರ ಡಿಗ್ರಿಯಷ್ಟು ಕಾದ ಕೋಕಿನ ಮೇಲೆ ನೀರು ಸುರಿದು ತಣಿಸುವುದು ಹಳೆಯ ಪದ್ಧತಿ. ಪ್ರತಿ ಸಲವೂ ಧೂಳು ಬೆರೆತ ಹಬೆಯ ಮೋಡ ಏಳುತ್ತದೆ, ಅಷ್ಟೂ ಶಾಖ ಆಕಾಶದ ಪಾಲಾಗುತ್ತದೆ. ಸೋವಿಯತ್ ಒಕ್ಕೂಟದಲ್ಲಿ ಬೆಳೆದಿದ್ದ ಒಣ ತಣಿಸುವಿಕೆಯ ತಂತ್ರವನ್ನು ಜಪಾನಿನ ಕಂಪನಿಗಳು ಎಪ್ಪತ್ತರ ದಶಕದಲ್ಲಿ ತಂದವು. ಯವಾತಾ ಮೊದಲಿಗರಲ್ಲಿ ಒಂದು. ಮುಚ್ಚಿದ ಗೂಡಿನಲ್ಲಿ ನೈಟ್ರೋಜನ್ ಹಾಯಿಸಿ ಕೋಕನ್ನು ತಣಿಸುತ್ತಾರೆ, ಕಾದ ಅನಿಲದಿಂದ ಹಬೆ ಮಾಡಿ ವಿದ್ಯುತ್ ತೆಗೆಯುತ್ತಾರೆ. ಭಾರತದಲ್ಲಿ ಇದನ್ನು ಮೊದಲು ಅಳವಡಿಸಿಕೊಂಡದ್ದು ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆ.

1973ರಲ್ಲಿ ತೈಲದ ಬೆಲೆ ಒಮ್ಮೆಲೇ ಏರಿತು. ಇಂಧನ ಉಳಿಸುವುದು ಈಗ ಕಂಪನಿಯ ಲಾಭಕ್ಕೂ ಬೇಕಾಯಿತು. ಉಳಿಸಿದ ಪ್ರತಿ ಟನ್ ಕಲ್ಲಿದ್ದಲು ಉರಿಯದ ಗಂಧಕ. ಗಂಧಕ ಕಡಿಮೆಯಿರುವ ಎಣ್ಣೆ, ಆಮೇಲೆ ತೊಬಾತಾದ ದಡಕ್ಕೆ ಹಡಗಿನಲ್ಲಿ ಬಂದಿಳಿದ ದ್ರವೀಕೃತ ನೈಸರ್ಗಿಕ ಅನಿಲ ಹಳೆಯ ಇಂಧನದ ಜಾಗ ಹಿಡಿದವು. 1970ರಲ್ಲಿ ಯವಾತಾ ಕಾರ್ಖಾನೆ ವರ್ಷಕ್ಕೆ 27 ಸಾವಿರ ಟನ್ನಿಗೂ ಹೆಚ್ಚು ಗಂಧಕದ ಆಕ್ಸೈಡುಗಳನ್ನು ಗಾಳಿಗೆ ಬಿಡುತ್ತಿತ್ತು. 1990ರ ವೇಳೆಗೆ ಅದು ಸಾವಿರ ಟನ್ನಿಗಿಂತ ಕೆಳಗಿಳಿದಿತ್ತು. ಇಳಿಕೆಯ ಬಹುಪಾಲು ಬಂದದ್ದು ಇಂಧನ ಬದಲಾವಣೆ ಮತ್ತು ಉಳಿತಾಯದಿಂದ. ಚಿಮಣಿಗೆ ಕಟ್ಟಿದ ಉಪಕರಣಗಳ ಪಾಲು ಅದಕ್ಕಿಂತ ಕಡಿಮೆ.

ಖರ್ಚು ಸಣ್ಣದೇನಲ್ಲ. 1972ರಿಂದ 1991ರವರೆಗೆ ನಗರದಲ್ಲಿ ಮಾಲಿನ್ಯ ತಡೆಗೆ ಒಟ್ಟು ಸುಮಾರು 80 ಸಾವಿರ ಕೋಟಿ ಯೆನ್ ಹೋಯಿತು. ಅದರಲ್ಲಿ ಮೂರನೇ ಎರಡರಷ್ಟು ಸಾರ್ವಜನಿಕ ಹಣ: ಒಳಚರಂಡಿ, ಹಸಿರು ಪಟ್ಟಿ, ಕಸದ ವಿಲೇವಾರಿ, ಕೊಲ್ಲಿಯ ಹೂಳು. ಉಳಿದದ್ದು ಕಂಪನಿಗಳದು. 1987ರಲ್ಲಿ ಪರಿಸರ ಇಲಾಖೆ ಕಿತಾಕ್ಯೂಶುವನ್ನು ನಕ್ಷತ್ರಗಳು ಚೆನ್ನಾಗಿ ಕಾಣುವ ಊರುಗಳ ಪಟ್ಟಿಗೆ ಸೇರಿಸಿತು. 1990ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ‘ಗ್ಲೋಬಲ್ 500’ ಪ್ರಶಸ್ತಿ ಬಂತು. ಅಲ್ಲಿನ ಎಂಜಿನಿಯರುಗಳು ಚೀನಾದ ದಾಲಿಯನ್ ನಗರಕ್ಕೆ ಹೋಗಿ ತಾವು ಕಲಿತದ್ದನ್ನು ಕಲಿಸಿದರು; 2001ರಲ್ಲಿ ದಾಲಿಯನ್ನಿಗೂ ಅದೇ ಪ್ರಶಸ್ತಿ ದೊರೆಯಿತು.

ಲೆಕ್ಕದ ಇನ್ನೊಂದು ಬದಿ

ಇಷ್ಟಕ್ಕೇ ನಿಲ್ಲಿಸಿದರೆ ಕಥೆ ಅರ್ಧವಾಗುತ್ತದೆ. ಗಾಳಿ ಶುದ್ಧವಾದ ಅದೇ ವರ್ಷಗಳಲ್ಲಿ ಯವಾತಾದ ಉಕ್ಕಿನ ಪ್ರಾಬಲ್ಯವೂ ಕುಗ್ಗಿತು. 1970ರಲ್ಲಿ ಯವಾತಾ ಮತ್ತು ಫುಜಿ ಕಂಪನಿಗಳು ಸೇರಿ ನಿಪ್ಪಾನ್ ಸ್ಟೀಲ್ ಆದ ಮೇಲೆ, ಆಳ ಬಂದರುಗಳ ಪಕ್ಕದಲ್ಲಿ ಎದ್ದ ಓಯಿತಾದಂಥ ಹೊಸ ಕಾರ್ಖಾನೆಗಳಿಗೆ ಬಂಡವಾಳ ಹರಿಯಿತು. ಹಿಗಾಶಿದಾದ ಹಳೆಯ ಕುಲುಮೆ 1972ರಲ್ಲಿ ಆರಿತು, ಉತ್ಪಾದನೆ ತೊಬಾತಾದ ಕಡೆ ಒಂದಾಯಿತು. ಹತ್ತಾರು ಸಾವಿರ ಉದ್ಯೋಗಗಳು ಹೋದವು. ಎಪ್ಪತ್ತರ ದಶಕದ ಕೊನೆಗೆ ಹತ್ತೂವರೆ ಲಕ್ಷ ದಾಟಿದ್ದ ನಗರದ ಜನಸಂಖ್ಯೆ ಈಗ ಒಂಬತ್ತು ಲಕ್ಷದ ಆಸುಪಾಸಿನಲ್ಲಿದೆ. ಗಾಳಿಯ ಸುಧಾರಣೆಯಲ್ಲಿ ಒಂದು ಪಾಲು ಈ ಕುಗ್ಗುವಿಕೆಯಿಂದ ಬಂದದ್ದೆಂದು ಒಪ್ಪಿಕೊಳ್ಳಬೇಕು. ಆದರೆ ಉದ್ಯೋಗ ಹೋದದ್ದು ಹೊಗೆಯ ಮಿತಿಯಿಂದಲ್ಲ; ಅದಿರು, ಹಡಗು, ಸ್ಪರ್ಧೆಯ ಲೆಕ್ಕಾಚಾರದಿಂದ. ಮಿತಿ ಹಾಕದಿದ್ದರೂ ಕುಲುಮೆ ಆರುತ್ತಿತ್ತು, ಉಬ್ಬಸ ಮಾತ್ರ ಉಳಿಯುತ್ತಿತ್ತು.

ಗಾಳಿಗೆ ನಗರಸಭೆಯ ಗಡಿಯೂ ತಿಳಿಯದು. 2007ರ ಮೇ ತಿಂಗಳಿನಲ್ಲಿ ಬಿಸಿಲಿನಲ್ಲಿ ಹುಟ್ಟುವ ಓಜೋನ್ ಮಬ್ಬಿನಿಂದಾಗಿ ಕಿತಾಕ್ಯೂಶುವಿನ ಅನೇಕ ಶಾಲೆಗಳು ಕ್ರೀಡಾಕೂಟ ರದ್ದು ಮಾಡಬೇಕಾಯಿತು. ಆ ಮಬ್ಬಿನ ದೊಡ್ಡ ಪಾಲು ಏಷ್ಯಾ ಖಂಡದ ಕಡೆಯಿಂದ ತೇಲಿ ಬಂದದ್ದೆಂದು ವಿಜ್ಞಾನಿಗಳು ಹೇಳಿದರು. ಇನ್ನು ಇಂಗಾಲದ ಡೈಆಕ್ಸೈಡ್. ಅದು ಬಟ್ಟೆಯನ್ನು ಕಪ್ಪು ಮಾಡುವುದಿಲ್ಲ, ಯಾವ ತಾಯಿಯ ಡಬ್ಬಿಯಲ್ಲೂ ಬೀಳುವುದಿಲ್ಲ. ಊದುಕುಲುಮೆಯಲ್ಲಿ ಒಂದು ಟನ್ ಉಕ್ಕು ತಯಾರಾದರೆ ಸುಮಾರು ಎರಡು ಟನ್ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅದಿರಿನ ಆಮ್ಲಜನಕವನ್ನು ಕೀಳುವ ಕೆಲಸವನ್ನು ಕೋಕಿನ ಇಂಗಾಲವೇ ಮಾಡುವುದರಿಂದ ಇದಕ್ಕೆ ಜರಡಿಯ ಪರಿಹಾರವಿಲ್ಲ. ಕುಲುಮೆಯನ್ನೇ ಬದಲಿಸಬೇಕು.

ಮುಂದಿನ ಕುಲುಮೆ, ನಮ್ಮ ಕುಲುಮೆ

ಆ ಬದಲಾವಣೆ ಈಗ ಯವಾತಾದ ಬಾಗಿಲಿಗೆ ಬಂದಿದೆ. 2025ರಲ್ಲಿ ನಿಪ್ಪಾನ್ ಸ್ಟೀಲ್, ಸರ್ಕಾರದ ನೆರವಿನೊಂದಿಗೆ ಯವಾತಾದಲ್ಲಿ ದೊಡ್ಡ ವಿದ್ಯುತ್ ಕುಲುಮೆ ಕಟ್ಟುವ ತೀರ್ಮಾನ ಪ್ರಕಟಿಸಿತು. ಗುಜರಿ ಉಕ್ಕನ್ನೂ ಕೋಕ್ ಇಲ್ಲದೆ ತಯಾರಿಸಿದ ಕಬ್ಬಿಣವನ್ನೂ ವಿದ್ಯುತ್ತಿನಿಂದ ಕರಗಿಸುವ ಈ ಕುಲುಮೆ ದಶಕದ ಕೊನೆಗೆ ಸಿದ್ಧವಾಗಬೇಕು. ಹಿಗಾಶಿದಾದಲ್ಲಿ ಕಾರ್ಖಾನೆಯ ಉಪೋತ್ಪನ್ನವಾದ ಹೈಡ್ರೋಜನ್ನನ್ನು ಪೈಪಿನಲ್ಲಿ ಮನೆ, ಅಂಗಡಿಗಳಿಗೆ ಕೊಟ್ಟು ನೋಡುವ ಪ್ರಯೋಗ 2011ರಲ್ಲೇ ನಡೆದಿತ್ತು. ಹಿಬಿಕಿ ಸಮುದ್ರದಲ್ಲಿ 25 ಗಾಳಿಯಂತ್ರಗಳ, 220 ಮೆಗಾವಾಟ್ ಸಾಮರ್ಥ್ಯದ ಯೋಜನೆಯ ನಿರ್ಮಾಣ 2023ರಲ್ಲಿ ಶುರುವಾಯಿತು. ವಿದ್ಯುತ್ ಕುಲುಮೆ ಎಷ್ಟು ಶುದ್ಧ ಎಂಬುದು ಅದಕ್ಕೆ ಬರುವ ವಿದ್ಯುತ್ ಎಷ್ಟು ಶುದ್ಧ ಎಂಬುದರ ಮೇಲೆ ನಿಂತಿದೆ. ಕಲ್ಲಿದ್ದಲ ವಿದ್ಯುತ್ತಿನಿಂದ ಅದನ್ನು ನಡೆಸಿದರೆ ಹೊಗೆ ಒಂದು ಊರಿನಿಂದ ಇನ್ನೊಂದು ಊರಿಗೆ ಬಾಡಿಗೆಗೆ ಹೋದಂತೆ.

ಕರ್ನಾಟಕ ಈ ಕಥೆಯ ಹೊರಗಿಲ್ಲ. ಬಳ್ಳಾರಿ, ಹೊಸಪೇಟೆ ಸೀಮೆಯ ಅದಿರು ದಶಕಗಳ ಕಾಲ ಜಪಾನಿನ ಉಕ್ಕಿನ ಕಾರ್ಖಾನೆಗಳಿಗೆ ಹಡಗೇರಿತು. ಆ ದೇಶದ ಸೇತುವೆ, ಕಾರು, ರೈಲುಗಳಲ್ಲಿ ನಮ್ಮ ಕೆಂಪು ಮಣ್ಣಿನ ಪಾಲಿದೆ. ಈಗ ಅದೇ ಅದಿರು ಇಲ್ಲಿಯೇ ಉಕ್ಕಾಗುತ್ತಿದೆ. ತೋರಣಗಲ್ಲಿನದು ದೇಶದ ಅತಿ ದೊಡ್ಡ ಉಕ್ಕಿನ ಕಾರ್ಖಾನೆಗಳಲ್ಲೊಂದು. 2025ರ ಫೆಬ್ರುವರಿ 24ರಂದು ಕೊಪ್ಪಳದ ಜನ ಗವಿಮಠದ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಊರು ಬಂದ್ ಮಾಡಿ ಬೀದಿಗಿಳಿದದ್ದು, ಊರಿಗೆ ಅಂಟಿಕೊಂಡಂತೆ ಬರಲಿದ್ದ ದೊಡ್ಡ ಉಕ್ಕಿನ ಕಾರ್ಖಾನೆ ಬೇಡವೆಂದು. ಈಗಾಗಲೇ ಮನೆಯ ಮೇಲೆ ಕಪ್ಪು ಧೂಳು ಬೀಳುತ್ತಿದೆ ಎಂದು ಅವರು ಹೇಳಿದ ಮಾತು ತೊಬಾತಾದ ಹೆಂಗಸರಿಗೆ ಅರ್ಥವಾಗುತ್ತಿತ್ತು.

ಶುದ್ಧ ವಿದ್ಯುತ್ತಿನಿಂದ ಕಬ್ಬಿಣ ಮಾಡುವುದೂ ನಮಗೆ ಹೊಸತಲ್ಲ. 1950ರ ದಶಕದಲ್ಲೇ ಭದ್ರಾವತಿಗೆ ಜೋಗದ ವಿದ್ಯುತ್ತಿನಿಂದ ನಡೆಯುವ ಕುಲುಮೆಗಳು ಬಂದಿದ್ದವು. ಪಾವಗಡದ ಬಿಸಿಲು, ಗದಗ ಚಿತ್ರದುರ್ಗಗಳ ಗಾಳಿ ಇಂದು ವಿದ್ಯುತ್ತಾಗುತ್ತಿವೆ. ತಂತ್ರಜ್ಞಾನವಿದೆ, ಅದನ್ನು ಬಳಸಬಲ್ಲ ಎಂಜಿನಿಯರುಗಳು ಇದ್ದಾರೆ. ಸಾಲದಾಗಿರುವುದು ಕಿತಾಕ್ಯೂಶುವಿನಲ್ಲಿ ಮೊದಲು ನಡೆದ ಕೆಲಸ: ಕಾರ್ಖಾನೆಯ ಸುತ್ತಲಿನ ಪ್ರತಿ ಬಡಾವಣೆಯ ಗಾಳಿಯನ್ನು ಗಂಟೆಗಂಟೆಗೆ ಅಳೆದು, ಅಲ್ಲಿನವರಿಗೆ ಅವರ ಭಾಷೆಯಲ್ಲಿ ತಿಳಿಸುವುದು, ಶಾಲೆಯ ಹಾಜರಿಯನ್ನೂ ಆಸ್ಪತ್ರೆಯ ಚೀಟಿಯನ್ನೂ ಆ ಅಳತೆಯ ಪಕ್ಕದಲ್ಲಿಟ್ಟು ನೋಡುವುದು, ಮಿತಿ ಮೀರಿದ ದಿನ ಉರಿ ತಗ್ಗಿಸಲೇಬೇಕೆಂಬ ಒಪ್ಪಂದವನ್ನು ಅಡಿಗಲ್ಲು ಹಾಕುವ ಮೊದಲೇ ಬರೆಸಿಕೊಳ್ಳುವುದು.

ಉದ್ಯೋಗ ಬೇಕೋ ಉಸಿರು ಬೇಕೋ ಎಂದು ಕೇಳುವವರಿಗೆ ಯವಾತಾದ ಕಾರ್ಖಾನೆ ನೂರಿಪ್ಪತ್ತು ವರ್ಷ ದಾಟಿಯೂ ನಡೆಯುತ್ತಿರುವುದೇ ಉತ್ತರ. ಅದು ಉಳಿದದ್ದು ತನ್ನ ಹೊಗೆಯನ್ನು ಹೊಗಳಿದವರಿಂದಲ್ಲ. ಮಿತಿ ಹಾಕಿದ ಕಾನೂನು, ಅಳೆಯುವ ಹಟ ಬಿಡದ ಹೆಂಗಸರು ಮತ್ತು ಕೆಂಪು ಮೋಡದಲ್ಲಿ ಇಂಧನ ಕಂಡ ಎಂಜಿನಿಯರುಗಳು ಅದನ್ನು ಹೊಸ ಕಾಲಕ್ಕೆ ಒಗ್ಗಿಸಿದರು. ನಮ್ಮಲ್ಲೂ ಈ ಮೂವರು ಒಂದೇ ಮೇಜಿನ ಸುತ್ತ ಕೂರುವ ತನಕ ಯಾವ ಹೊಸ ಕುಲುಮೆಗೂ ಬೆಂಕಿ ಹಾಕಬಾರದು.